ಬಟವಾಡೆಯ ಶನಿವಾರವನ್ನು ಒಮ್ಮೆ ತೆರೆಯ ಮೇಲೆ ತನ್ನಿ

ಕನ್ನಡದ ಚಿತ್ರಕಥೆಗಾರರಿಗೆ, ನಿರ್ದೇಶಕರಿಗೆ, ನಿರ್ಮಾಪಕರಿಗೆ,

ನಮಸ್ಕಾರ.

ಬೆಂಗಳೂರಿನ ಪೀಣ್ಯದಲ್ಲಿ 14 ಜನ ಕೆಲಸ ಮಾಡುವ ಒಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆ ನನ್ನದು. ನಮ್ಮ ಬಾಯಲ್ಲಿ ಅದು ಶೆಡ್ಡು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್ ರೂಮಿನಲ್ಲಿದ್ದ ನನ್ನ ತಂದೆ ನೌಕರಿ ಬಿಟ್ಟು, 1979ರಲ್ಲಿ ಒಂದೇ ಒಂದು ಹಳೆಯ ಲೇತ್ ಕೊಂಡು ಇದನ್ನು ಶುರುಮಾಡಿದರು. 2003ರಿಂದ ನಾನು ನಡೆಸುತ್ತಿದ್ದೇನೆ. ಸಿನಿಮಾದ ಹುಚ್ಚು ಕೂಡ ಅವರಿಂದಲೇ ಅಂಟಿದ್ದು. ವಾರವಿಡೀ ಎಣ್ಣೆ ಮೆತ್ತಿದ ಕೈಯನ್ನು ಭಾನುವಾರ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದುಕೊಂಡು ನಮ್ಮನ್ನು ಮ್ಯಾಟಿನಿಗೆ ಕರೆದೊಯ್ಯುತ್ತಿದ್ದರು. ಸಿನಿಮಾ ಉದ್ಯಮಿಗಳನ್ನು ತೋರಿಸುವ ಬಗೆಯ ಕುರಿತು, ನಿಮ್ಮ ಕೆಲಸದ ಮೇಲೆ ಆಸೆ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಬರೆಯುವಂತೆ ಮಾಡಿದವನು ನನ್ನ ಅಣ್ಣನ ಮಗ. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಸ್ಟಾರ್ಟಪ್ ಕಟ್ಟುತ್ತಿದ್ದಾನೆ. ಯುಗಾದಿಯ ದಿನ ಮನೆಗೆ ಬಂದವನು ಒಬ್ಬಟ್ಟು ತಿನ್ನುತ್ತಾ ಲ್ಯಾಪ್‌ಟಾಪ್ ತೆರೆದು, ಹೂಡಿಕೆದಾರರ ಮುಂದೆ ಇಡಲಿರುವ ಪುಟಗಳನ್ನು ತೋರಿಸಿದ. ಒಂದು ಪುಟದಲ್ಲಿ ಬಳಕೆದಾರರ ಸಂಖ್ಯೆ 40,000 ಎಂದಿತ್ತು. ‘ಇಷ್ಟು ಜನ ಬಳಸುತ್ತಿದ್ದಾರಾ?’ ಎಂದೆ. ‘ಇಲ್ಲ ಅತ್ತೆ, ದಿನವೂ ಬಳಸುವವರು 9,000. ಒಮ್ಮೆ ಇಳಿಸಿಕೊಂಡು ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಸೇರಿಸಿದ್ದೇವೆ’ ಎಂದ. ನನ್ನ ಮುಖ ನೋಡಿ ಸೇರಿಸಿದ: ‘ದೊಡ್ಡದಾಗಿ ಬೆಳೆದವರೆಲ್ಲ ಮೊದಮೊದಲು ಇಂಥದ್ದನ್ನು ಮಾಡಿದವರೇ. ನೀವು “ಗುರು” ಸಿನಿಮಾ ನೋಡಿಲ್ಲವೇ?’

ಈ ಹುಡುಗ ಶಾಲೆಯ ರಜೆಯನ್ನೆಲ್ಲ ನಮ್ಮ ಶೆಡ್ಡಿನಲ್ಲಿ ಕಳೆದವನು. ತಾತನ ತೊಡೆಯ ಮೇಲೆ ಕೂತು ಅಳತೆಯ ವರ್ನಿಯರ್ ಹಿಡಿಯಲು ಕಲಿತವನು. ಉದ್ಯಮಿ ಎಂದರೆ ಯಾರು ಎಂದು ನೆನೆಸಿಕೊಳ್ಳುವಾಗ ತಾತನಾಗಲಿ ನಾನಾಗಲಿ ಅವನ ಕಣ್ಣ ಮುಂದೆ ಬರಲಿಲ್ಲ. ತೆರೆಯ ಮೇಲಿನ ಒಬ್ಬ ನಾಯಕ ಬಂದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಿನಿಮಾ ಅಷ್ಟು ಆಳಕ್ಕೆ ಇಳಿಯಬಲ್ಲದು ಎಂದಾದರೆ, ಅದನ್ನು ಬರೆಯುವವರ ಜೊತೆ ಮಾತಾಡಲೇಬೇಕು ಎನಿಸಿತು.

2007ರಲ್ಲಿ ಬಂದ ಮಣಿರತ್ನಂ ಅವರ ‘ಗುರು’ವನ್ನು ನಾನೂ ನೋಡಿದ್ದೇನೆ. ಹಳ್ಳಿಯ ಮೇಷ್ಟರ ಮಗ ಮುಂಬೈಗೆ ಬಂದು ಪಾಲಿಯೆಸ್ಟರ್ ಸಾಮ್ರಾಜ್ಯ ಕಟ್ಟುತ್ತಾನೆ, ಕಾನೂನು ಮುರಿಯುತ್ತಾನೆ, ಕೊನೆಗೆ ವಿಚಾರಣಾ ಆಯೋಗದ ಮುಂದೆ ನಿಲ್ಲುತ್ತಾನೆ. ಮಾತಾಡಲು ಕೊಟ್ಟ ಐದು ನಿಮಿಷದಲ್ಲಿ ಅರ್ಧ ನಿಮಿಷ ಉಳಿಸಿ, ಆ ಅರ್ಧ ನಿಮಿಷವನ್ನೂ ಲಾಭವೆಂದು ಎಣಿಸುತ್ತಾನೆ. ಚಿತ್ರಮಂದಿರ ಶಿಳ್ಳೆಯಿಂದ ತುಂಬಿತ್ತು. ನಾನೂ ಚಪ್ಪಾಳೆ ತಟ್ಟಿದ್ದೆ. ಏಕೆಂದರೆ ಅವನು ಹೇಳುವುದರಲ್ಲಿ ಅರ್ಧ ನಿಜವಿದೆ. ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ ಕಾಲದಲ್ಲಿ ಸಣ್ಣವನಿಗೆ ಬಾಗಿಲುಗಳು ಮುಚ್ಚಿದ್ದವು. ಕೋಟಾದ ಉಕ್ಕಿಗಾಗಿ ನನ್ನ ತಂದೆ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು, ಕಡೆಗೆ ಕಾಳಸಂತೆಯಲ್ಲಿ ಎರಡು ಪಟ್ಟು ಕೊಟ್ಟು ತಂದದ್ದನ್ನು ನಾನು ಕಂಡಿದ್ದೇನೆ. ಕಾನೂನೇ ವಕ್ರವಾಗಿದ್ದಾಗ ಮನುಷ್ಯ ಏನು ಮಾಡಬೇಕು ಎಂಬ ಪ್ರಶ್ನೆ ನಿಜವಾದ ಪ್ರಶ್ನೆ.

ಆದರೆ ಆ ಪ್ರಶ್ನೆಗೆ ಸಿನಿಮಾ ಉತ್ತರ ಕೊಟ್ಟದ್ದು ಚಪ್ಪಾಳೆಯ ಮೂಲಕ. ಇವನು ಮುರಿದ ನಿಯಮದಿಂದ ನಷ್ಟವಾದದ್ದು ಯಾರಿಗೆ? ಇವನ ಜೊತೆಗೇ ಮಾರುಕಟ್ಟೆಗೆ ಇಳಿದು, ನಿಯಮದೊಳಗೇ ಇದ್ದು, ಬಾಗಿಲು ಹಾಕಿಕೊಂಡ ಇನ್ನೊಬ್ಬ ಸಣ್ಣ ನೂಲಿನ ವ್ಯಾಪಾರಿ ಇದ್ದಿರಲೇಬೇಕಲ್ಲ, ಅವನ ಮನೆ ಎಲ್ಲಿದೆ? ಷೇರುದಾರರು ತುಂಬಿದ ಮೈದಾನ ಕಾಣುತ್ತದೆ. ಆ ಮನೆ ಕಾಣುವುದಿಲ್ಲ. ನನ್ನ ಅಣ್ಣನ ಮಗನ 40,000 ಹುಟ್ಟಿದ್ದು ಆ ಕಾಣದ ಜಾಗದಲ್ಲಿ.

ನಮ್ಮ ಕನ್ನಡದ ಸಿನಿಮಾ ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ ನಡೆದಿತ್ತು. 1971ರ ‘ಕಸ್ತೂರಿ ನಿವಾಸ’ವನ್ನು ನಾನು ನೋಡಿದ್ದು ಮರುಬಿಡುಗಡೆಯಾದಾಗ, ತಂದೆಯ ಪಕ್ಕದಲ್ಲಿ ಕೂತು. ಬೆಂಕಿಪೊಟ್ಟಣದ ಕಾರ್ಖಾನೆಯ ಮಾಲೀಕ. ಕೊಟ್ಟ ಕೈ ಎಂದೂ ಹಿಂದೆಗೆಯದವನು. ಅವನ ಬಳಿ ಬೆಳೆದ ಹುಡುಗ ಹೊರಗೆ ಹೋಗಿ ದೊಡ್ಡ ಶ್ರೀಮಂತನಾಗುತ್ತಾನೆ. ಇವನು ಕೊಡುತ್ತಾ ಕೊಡುತ್ತಾ ಕಾರ್ಖಾನೆಯನ್ನೂ ಮನೆಯನ್ನೂ ಕಳೆದುಕೊಳ್ಳುತ್ತಾನೆ. ರಾಜಕುಮಾರ್ ಅವರ ಆ ಮುಖ ನೋಡುತ್ತಾ ಅಪ್ಪ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮನೆಗೆ ನಡೆದು ಬರುವಾಗ ಬಹಳ ಹೊತ್ತು ಸುಮ್ಮನಿದ್ದು, ‘ಅಲ್ಲಮ್ಮ, ಆ ಕಾರ್ಖಾನೆಯಲ್ಲಿ ಕಡ್ಡಿ ಅದ್ದುತ್ತಿದ್ದವರೆಲ್ಲ ಆಮೇಲೆ ಎಲ್ಲಿಗೆ ಹೋದರು?’ ಎಂದು ಕೇಳಿದರು.

ಆ ಪ್ರಶ್ನೆ ನನ್ನೊಳಗೆ ಇನ್ನೂ ಹಾಗೆಯೇ ಇದೆ. ಧಾರಾಳಿಯಾದ ಮಾಲೀಕ ಲೆಕ್ಕಪುಸ್ತಕ ತೆರೆಯದೆ ಮುಳುಗಿದರೆ ಅವನೊಬ್ಬನೇ ಮುಳುಗುವುದಿಲ್ಲ. ಒಳ್ಳೆಯ ಮಾಲೀಕ ಎಂದರೆ ಎಲ್ಲವನ್ನೂ ಕಳೆದುಕೊಂಡವನು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಲಾಭ ಮಾಡಿದವನನ್ನು ಕಂಡ ಕೂಡಲೇ ಎಲ್ಲೋ ಮೋಸ ನಡೆದಿರಬೇಕು ಎಂದುಕೊಳ್ಳುತ್ತೇವೆ. ಮರುವರ್ಷ ಬಂದ ‘ಬಂಗಾರದ ಮನುಷ್ಯ’ವನ್ನೇ ನೋಡಿ. ಬರಡು ನೆಲವನ್ನು ಹಸಿರು ಮಾಡುವ ದುಡಿಮೆಯನ್ನು ಅಷ್ಟು ಮನಸ್ಸಿಟ್ಟು ತೋರಿಸಿದ ಸಿನಿಮಾ ನಮ್ಮಲ್ಲಿ ಇನ್ನೊಂದಿಲ್ಲ. ಬಂಡೆ ಒಡೆಯುವುದು, ಹಣ ಹೊಂದಿಸುವುದು, ಊರಿನವರ ಅನುಮಾನ, ಎಲ್ಲವೂ ಅಲ್ಲಿದೆ. ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಸುಮಾರು ಎರಡು ವರ್ಷ ಓಡಿತು. ಕೊನೆಯಲ್ಲಿ ಅಲ್ಲಿಯೂ ಕಟ್ಟಿದವನು ಬರಿಗೈಯಲ್ಲಿ ಎದ್ದು ಹೋಗಲೇಬೇಕಾಯಿತು. ತಾನು ಬೆಳೆದದ್ದರ ಎದುರು ನೆಟ್ಟಗೆ ನಿಂತು, ಇದು ನನ್ನ ಬೆವರು, ಇದರಲ್ಲಿ ಇಷ್ಟು ನಿಮ್ಮದು, ಇಷ್ಟು ನನ್ನದು ಎಂದು ಹೇಳುವ ನಾಯಕನನ್ನು ನಾವು ಇನ್ನೂ ಬರೆದಿಲ್ಲ.

ಹೆಂಗಸು ಮಾಲೀಕಳಾದರೆ ಕಥೆ ಇನ್ನೂ ಕಿರಿದು. 1986ರ ‘ಅನುರಾಗ ಅರಳಿತು’ ನನಗೆ ಪ್ರಿಯವಾದ ಸಿನಿಮಾ, ಹಾಡುಗಳು ಇವತ್ತಿಗೂ ಬಾಯಿಪಾಠ. ಆದರೆ ಆ ಶ್ರೀಮಂತ ಹೆಣ್ಣಿಗೆ ಇರುವ ಗುಣ ಒಂದೇ, ಗರ್ವ. ಕಥೆಗೆ ಇರುವ ಗುರಿಯೂ ಒಂದೇ, ಆ ಗರ್ವ ಇಳಿಸುವುದು. ಅವಳು ವ್ಯವಹಾರ ಹೇಗೆ ನಡೆಸುತ್ತಾಳೆ ಎಂದು ಯಾರಿಗೂ ಕುತೂಹಲವಿಲ್ಲ. ನಾನು ಮೊದಲ ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲಿ ಕೇಳಿದ್ದು ‘ಯಜಮಾನರು ಬಂದಿಲ್ಲವೇ?’ ಎಂದು. ಕಿರಣ್ ಮಜುಂದಾರ್ ಶಾ 1978ರಲ್ಲಿ ಇದೇ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದ್ದವು. ಅಷ್ಟು ವರ್ಷಗಳ ಅಂತರದಲ್ಲಿ ಒಂದೇ ಬಾಗಿಲಲ್ಲಿ ನಿಂತ ಎಷ್ಟೋ ಹೆಂಗಸರು ಈ ಊರಿನಲ್ಲಿದ್ದೇವೆ.

ಇನ್ನು ಒಂದು ವಿಷಯವನ್ನು ನೋವಿನಿಂದಲೇ ಹೇಳಬೇಕು. ಹಾಸನ ಜಿಲ್ಲೆಯ ಗೊರೂರಿನ ಮನುಷ್ಯ, ಸೈನ್ಯದಿಂದ ಬಂದು ಬೇಸಾಯ ಮಾಡಿದವರು, ಆಮೇಲೆ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು, ಕ್ಯಾಪ್ಟನ್ ಗೋಪಿನಾಥ್. ಅವರ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಶುರುಮಾಡಿದ್ದು ಬೆಂಗಳೂರು ಮತ್ತು ಹುಬ್ಬಳ್ಳಿಯ ನಡುವೆ. ಒಂದು ರೂಪಾಯಿ ಟಿಕೆಟ್ಟಿನ ಮಾತು ಆಗ ಪೀಣ್ಯದ ಚಹಾ ಅಂಗಡಿಯಲ್ಲೂ ನಡೆದಿತ್ತು. ಆ ಬದುಕಿನಿಂದ ಸ್ಫೂರ್ತಿ ಪಡೆದ ಸಿನಿಮಾ ತಮಿಳಿನಲ್ಲಿ ಬಂತು. 2020ರ ‘ಸೂರರೈ ಪೋಟ್ರು’. ಸುಧಾ ಕೊಂಗರ ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಅದಕ್ಕೆ ರಾಷ್ಟ್ರಪ್ರಶಸ್ತಿಗಳೂ ಸಂದವು. ಮಧುರೆಯ ಕಡೆಯ ಹುಡುಗನಾಗಿ ನಮ್ಮ ಗೊರೂರಿನವರು ತೆರೆಯ ಮೇಲೆ ಬಂದರು. ನಮ್ಮ ಕಣ್ಣೆದುರಿಗೇ ನಡೆದ ಕಥೆಯನ್ನು ನಾವು ಏಕೆ ಬರೆಯಲಿಲ್ಲ?

ಅದು ನಿಲ್ಲುವ ಜಾಗದ ಬಗ್ಗೆಯೂ ಒಂದು ಮಾತಿದೆ. ಬಡವರು ವಿಮಾನದಿಂದ ಇಳಿಯುವ ಸಂಭ್ರಮದಲ್ಲಿ ಸಿನಿಮಾ ಮುಗಿಯುತ್ತದೆ. ನಿಜದ ಕಥೆ ಅಲ್ಲಿ ಮುಗಿಯಲಿಲ್ಲ. ಕಡಿಮೆ ದರದ ಟಿಕೆಟ್ಟು, ಏರುವ ಇಂಧನದ ಬೆಲೆ, ಸೇರುತ್ತಾ ಹೋದ ನಷ್ಟ, 2007ರಲ್ಲಿ ದೊಡ್ಡ ಪಾಲು ವಿಜಯ್ ಮಲ್ಯ ಅವರ ಕೈಗೆ ಹೋದದ್ದು, ಡೆಕ್ಕನ್ ಎಂಬ ಹೆಸರೇ ಅಳಿದು ಕಿಂಗ್‌ಫಿಶರ್ ಆದದ್ದು, 2012ರಲ್ಲಿ ಆ ವಿಮಾನಗಳು ನೆಲಕ್ಕಿಳಿದು ತಿಂಗಳುಗಟ್ಟಲೆ ಸಂಬಳವಿಲ್ಲದೆ ನೌಕರರು ಬೀದಿಗೆ ಬಂದದ್ದು. ತಾನು ಹೆತ್ತು ಬೆಳೆಸಿದ್ದನ್ನು ಇನ್ನೊಬ್ಬರ ಕೈಗೆ ಇಡುವ ಆ ಹೊತ್ತಿನಲ್ಲಿ ಮನುಷ್ಯನ ಒಳಗೆ ಏನಾಗುತ್ತದೆ? ಮಾರದಿದ್ದರೆ ಏನಾಗುತ್ತಿತ್ತು? ಇದನ್ನು ಬರೆಯುವ ಧೈರ್ಯ ಮಾಡುವವರಿಗಾಗಿ ಇಡೀ ಎರಡನೇ ಸಿನಿಮಾ ಅಲ್ಲಿ ಕಾಯುತ್ತಿದೆ.

‘ಕೆಜಿಎಫ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಕಸುಬು ದೊಡ್ಡದು, ಕನ್ನಡವನ್ನು ದೇಶದ ತುಂಬ ಕೊಂಡೊಯ್ದಿದೆ. ಆದರೆ ಅಲ್ಲಿ ಹಂಬಲ ಎಂದರೆ ವಶಪಡಿಸಿಕೊಳ್ಳುವುದು. ಕಟ್ಟುವುದು ಯಾರ ಕೆಲಸವೂ ಅಲ್ಲ. ನಿಜದ ಕೋಲಾರದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಅಲ್ಲಿನ ಗಣಿಯವರ ಮಕ್ಕಳು ಇವತ್ತಿಗೂ ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ನಮ್ಮ ಬೀದಿಯ ಒಂದು ಶೆಡ್ಡಿನಲ್ಲಿ ಅಂಥ ಒಬ್ಬ ಫಿಟ್ಟರ್ ಇದ್ದ. ಊಟದ ಡಬ್ಬಿ ತೆರೆಯುವ ಮೊದಲೇ ನಿದ್ದೆಹೋಗುತ್ತಿದ್ದ.

ಈಗ ನನ್ನ ಶೆಡ್ಡಿನ ಒಂದು ಸಂಗತಿ ಹೇಳುತ್ತೇನೆ. ಇದನ್ನು ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ.

2009ರ ಮೊದಲ ತಿಂಗಳುಗಳು. ಅಮೆರಿಕದ ಬ್ಯಾಂಕುಗಳು ಕುಸಿದ ಬಿಸಿ ಪೀಣ್ಯಕ್ಕೂ ತಟ್ಟಿ, ಆರ್ಡರುಗಳು ಅರ್ಧಕ್ಕಿಳಿದಿದ್ದವು. ನಮ್ಮ ಕೈಯಲ್ಲಿದ್ದದ್ದು ಒಂದೇ ಕೆಲಸ, ತಿರುಗುವ ದಂಡ ಕೂರುವ ಲೋಹದ ಬಳೆಗಳು, 380 ಗನ್‌ಮೆಟಲ್ ಬುಷ್‌ಗಳು. ಒಳರಂಧ್ರ 32 ಮಿಲಿಮೀಟರ್, ಮೇಲಕ್ಕೆ 25 ಮೈಕ್ರಾನ್ ತನಕ ರಿಯಾಯಿತಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 25 ಎಂದರೆ ತಲೆಗೂದಲಿನ ಅರ್ಧ ದಪ್ಪವೂ ಇಲ್ಲ. ಶುಕ್ರವಾರ ಸಂಜೆ ಮಾಲು ಕಳಿಸಿದರೆ ಗಿರಾಕಿ ಚೆಕ್ ಕೊಡುವುದು, ಶನಿವಾರ ಬಟವಾಡೆ, ಎಂದರೆ ವಾರದ ಕೂಲಿ ಹಂಚುವುದು. ಲೆಕ್ಕ ಅಷ್ಟು ಬಿಗಿಯಾಗಿತ್ತು.

ಇದನ್ನು ಅಳೆಯಲು ಪ್ಲಗ್ ಗೇಜ್ ಎಂಬ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಅದಕ್ಕೆ ಎರಡು ತುದಿ. ಒಂದು ತುದಿ ರಂಧ್ರದೊಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಹೋಗಬಾರದ ತುದಿಗೆ ಕೆಂಪು ಬಣ್ಣದ ಗೆರೆ. ಅದನ್ನು ನಾವು ‘ನೋ-ಗೋ’ ಎನ್ನುತ್ತೇವೆ. ಅಪ್ಪನ ಕಾಲದಿಂದ ಇದ್ದ ಹಿರಿಯ ಟರ್ನರ್, ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವವರು, ಮಧ್ಯಾಹ್ನ ನನ್ನನ್ನು ಕೆಳಗೆ ಕರೆದರು. ಒಂದು ಬುಷ್ ಎಡಗೈಯಲ್ಲಿ ಹಿಡಿದು, ಬಟ್ಟೆಯಿಂದ ಒಳಗಿನ ಎಣ್ಣೆ ಒರೆಸಿ, ಕೆಂಪು ಗೆರೆಯ ತುದಿಯನ್ನು ಮೆಲ್ಲಗೆ ಇಟ್ಟರು. ಒತ್ತಲಿಲ್ಲ. ಅದು ತನ್ನ ಭಾರಕ್ಕೇ ಒಳಗೆ ಜಾರಿತು. ‘ಅಮ್ಮಾ, ನೋ-ಗೋ ಹೋಗುತ್ತಿದೆ’ ಎಂದರು. ರಾತ್ರಿ ಪಾಳಿಯ ಹುಡುಗ ಯಂತ್ರಕ್ಕೆ ಅಳತೆ ತಪ್ಪಾಗಿ ಕೊಟ್ಟಿದ್ದ. 380ರಲ್ಲಿ 160 ಹಾಗಿದ್ದವು. ಕಡಿಮೆ ಕೊರೆದಿದ್ದರೆ ಇನ್ನಷ್ಟು ಕೊರೆಯಬಹುದು. ಹೆಚ್ಚು ಕೊರೆದದ್ದನ್ನು ತುಂಬಲಾಗುವುದಿಲ್ಲ.

ಗಿರಾಕಿಗಳು ಎಲ್ಲವನ್ನೂ ಅಳೆಯುವುದಿಲ್ಲ, ಹತ್ತೋ ಹದಿನೈದೋ ಎತ್ತಿ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಅವನ್ನು ನಡುವೆ ಬೆರೆಸಿ ಕಳಿಸಿದೆ. ಯಾರೂ ಹಿಡಿಯಲಿಲ್ಲ. ಮಾಲು ವಾಪಸಾಗಲಿಲ್ಲ. ಶನಿವಾರ ಎಲ್ಲರ ಕೈಗೂ ಪೂರ್ತಿ ಕೂಲಿ ಬಿತ್ತು.

ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಪ್ರತಿ ಲಾಟಿಗೂ ಒಂದು ತಪಾಸಣಾ ಹಾಳೆ ಇರುತ್ತದೆ, ಅದರ ಕೊನೆಯ ಮನೆಯಲ್ಲಿ ಅವರ ಸಹಿ. ಆ ಹಾಳೆಯಲ್ಲಿ ಆ ಮನೆಯನ್ನು ಖಾಲಿ ಬಿಟ್ಟು ನನ್ನ ಮೇಜಿನ ಮೇಲಿಟ್ಟು ಹೋದರು. ಮೂವತ್ತು ವರ್ಷದಲ್ಲಿ ಅವರು ಸಹಿ ಮಾಡದ ಹಾಳೆ ಅದೊಂದೇ. ನನ್ನ ಮೇಜಿನ ಎರಡನೇ ಖಾನೆಯಲ್ಲಿ ಇವತ್ತಿಗೂ ಇದೆ.

ನಾಲ್ಕು ವರ್ಷದ ಮೇಲೆ ಅಂಥದ್ದೇ ಇನ್ನೊಂದು ಶುಕ್ರವಾರ ಬಂತು. ಬೇರೆ ಮಾಲು, ಬೇರೆ ತಪ್ಪು. ಈ ಸಲ ಗಿರಾಕಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಬೈಗುಳ ತಿಂದೆ. ಹಣ ಬರಲಿಲ್ಲ. ಶನಿವಾರ ಸಂಜೆ ಎಲ್ಲರನ್ನೂ ಸೇರಿಸಿ, ಈ ವಾರ ಅರ್ಧ ಬಟವಾಡೆ ಎಂದು ಕಾರಣ ಸಹಿತ ಹೇಳಿದೆ. ನನ್ನ ಮನಸ್ಸು ಹಗುರವಾಗಿತ್ತು ಎಂದೇ ಹೇಳಬೇಕು, ಮೇಸ್ತ್ರಿಯ ಮುಖವನ್ನು ನೇರವಾಗಿ ನೋಡಿದೆ. ಆಗ ಪ್ಯಾಕಿಂಗ್ ಮಾಡುವ ಹೆಂಗಸು ಮುಂದೆ ಬಂದು ಮೆಲ್ಲಗೆ, ‘ಅಮ್ಮಾ, ಸೋಮವಾರ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು’ ಎಂದಳು. ದೂರಿನ ದನಿಯಲ್ಲಿ ಹೇಳಲಿಲ್ಲ. ನನ್ನ ನಿಯತ್ತಿನ ಬೆಲೆಯನ್ನು ಆ ವಾರ ಕಟ್ಟಿದವಳು ಅವಳು.

ಬಂಧುಗಳೇ, ನಾನು ನಿಮ್ಮಲ್ಲಿ ಕೇಳುತ್ತಿರುವುದು ಇದನ್ನು. ತಪ್ಪು ಮಾಡಿದಾಗ ಎಲ್ಲರಿಗೂ ಪೂರ್ತಿ ಕೂಲಿ ಸಿಕ್ಕಿತು, ಸರಿ ಮಾಡಿದಾಗ ಒಬ್ಬ ತಾಯಿಯ ಕಣ್ಣು ತುಂಬಿತು. ಎರಡೂ ಸಲ ಖಳನಾಯಕ ಇರಲಿಲ್ಲ. ಇದ್ದದ್ದು ಶುಕ್ರವಾರ ಮತ್ತು ಶನಿವಾರದ ನಡುವಿನ ಒಂದು ರಾತ್ರಿ. ಉದ್ಯಮದಲ್ಲಿ ನೀತಿ ಎಂಬುದು ಹೀಗೆ ಸಣ್ಣ ಸಣ್ಣ ಗಳಿಗೆಗಳಲ್ಲಿ, ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿ ಎದುರಾಗುತ್ತದೆ. ನಾಯಕ ದೊಡ್ಡವನಾದದ್ದನ್ನು ತೋರಿಸಿ, ಬೇಡ ಎನ್ನುವುದಿಲ್ಲ. ಅವನ ಹಂಬಲದ ಬೆಲೆಯನ್ನು ಯಾರು ಕೊಟ್ಟರು, ಅವನ ಪ್ರಾಮಾಣಿಕತೆಯ ಬೆಲೆಯನ್ನು ಯಾರು ಕೊಟ್ಟರು ಎಂದೂ ತೋರಿಸಿ.

ರೋಚಕತೆ ಸಾಲದು ಎನ್ನುತ್ತೀರೇನೋ. ಸಣ್ಣ ಕಾರ್ಖಾನೆಯವರ ಬಾಕಿ ಹಣದ ಕಥೆ ಕೇಳಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನಮ್ಮಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಮಂಡಳಿ ಇದೆ, ಪೋರ್ಟಲ್ ಇದೆ. ನನಗೆ ಒಂದು ದೊಡ್ಡ ಕಂಪನಿಯಿಂದ ಏಳು ತಿಂಗಳು ಹಣ ಬಾರದೆ ಇದ್ದದ್ದುಂಟು. ಅಷ್ಟರಲ್ಲಿ ಆ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ನಾನು ಮರುತಿಂಗಳೇ ಕಟ್ಟಿ ಆಗಿತ್ತು, ಬಾರದ ಹಣಕ್ಕೆ. ದೂರು ಕೊಡಲಿಲ್ಲ. ಕೊಟ್ಟರೆ ಮುಂದಿನ ಆರ್ಡರ್ ಇಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದೇ ತಿಂಗಳು ಆ ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟಿತ್ತು. ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರೆ ನಿಮಗೆ ಒಂದು ದೃಶ್ಯ ಸಿಗುವುದಿಲ್ಲವೇ?

ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ ಎಂದರೆ, ನೀವೂ ಉದ್ಯಮಿಗಳೇ. ಗಾಂಧಿನಗರದಲ್ಲಿ ಬಡ್ಡಿಗೆ ಹಣ ತಂದು ಸಿನಿಮಾ ತೆಗೆಯುವ ನಿರ್ಮಾಪಕರಿಗೆ ಬಟವಾಡೆಯ ಸಂಕಟವನ್ನು ನಾನು ಹೇಳಿಕೊಡಬೇಕಾಗಿಲ್ಲ. ಲೈಟ್ ಹುಡುಗರ ದಿನಗೂಲಿ, ಸಹಕಲಾವಿದರ ಬಾಕಿ, ಬಿಡುಗಡೆಯ ಹಿಂದಿನ ರಾತ್ರಿಯ ಸಾಲಗಾರರು, ಎಲ್ಲವೂ ನಿಮಗೆ ಗೊತ್ತು. 2013ರ ‘ಲೂಸಿಯಾ’ಗೆ ಪವನ್ ಕುಮಾರ್ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದ್ದು ಇದೇ ಊರಿನಲ್ಲಿ. ಅದಕ್ಕೂ ಬಹಳ ಹಿಂದೆ, 1976ರಲ್ಲಿ, ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಮಾಡಿಸಿದರು. ಅದರಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬರುವ ಪಶುವೈದ್ಯನ ಪಾತ್ರ ನಮ್ಮ ಗಿರೀಶ ಕಾರ್ನಾಡರದು. ಆ ವೈದ್ಯ ಗೆದ್ದು ಊರು ಬಿಡುವುದಿಲ್ಲ, ಸೋತು ಬಿಡುತ್ತಾನೆ. ಕಟ್ಟಿದ್ದನ್ನು ಊರಿನವರು ಮುಂದುವರಿಸುತ್ತಾರೆ. ಒಬ್ಬನ ಹಂಬಲ ಹತ್ತು ಜನರ ಕೈಗೆ ದಾಟುವುದನ್ನು ನಾನು ತೆರೆಯ ಮೇಲೆ ಕಂಡದ್ದು ಅಲ್ಲಿ. 2009ರ ಹಿಂದಿ ಸಿನಿಮಾ ‘ರಾಕೆಟ್ ಸಿಂಗ್’ ಕೂಡ ನನಗೆ ಹತ್ತಿರದ್ದು. ಲಂಚ ಕೊಡಲೊಲ್ಲದ ಮಾರಾಟದ ಹುಡುಗ, ಸಂಬಳ ಕೊಡುವ ಕಂಪನಿಯ ಒಳಗೇ ಗುಟ್ಟಾಗಿ ತನ್ನದೊಂದು ಕಂಪನಿ ನಡೆಸುತ್ತಾನೆ. ಒಳ್ಳೆಯವನು ಎಂಬ ಕಾರಣಕ್ಕೆ ಸಿನಿಮಾ ಅವನನ್ನು ಬಿಟ್ಟುಬಿಡುವುದಿಲ್ಲ. ಸಿಕ್ಕಿಬಿದ್ದು ತಲೆತಗ್ಗಿಸಿ ನಿಲ್ಲುವಂತೆ ಮಾಡುತ್ತದೆ. ಅದು ಚಿತ್ರಮಂದಿರಗಳಲ್ಲಿ ಹೆಚ್ಚು ಓಡಲಿಲ್ಲ. ನನಗಂತೂ ಆ ತಲೆತಗ್ಗಿಸಿದ ದೃಶ್ಯ ನನ್ನದೇ ಎನಿಸಿತ್ತು.

ಕಥೆಗಳಿಗೆ ಈ ಊರಿನಲ್ಲಿ ಬರವಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇದೆ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಆರಂಭಿಸಿದ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯನ್ನು ತೀರಾ ಅಗ್ಗಕ್ಕೇ ಮಾರಬೇಕೆಂಬ ಕಟ್ಟಳೆ ಬಂತು. ಆ ಬೆಲೆಗೆ ತಮ್ಮ ಗುಣಮಟ್ಟ ಉಳಿಸುವುದು ಕಷ್ಟವಾಯಿತು. ತುಪ್ಪ ಕಡಿಮೆ ಮಾಡಿದರೆ ಆಗುತ್ತಿತ್ತು, ಯಾರೂ ಜೈಲಿಗೆ ಹಾಕುತ್ತಿರಲಿಲ್ಲ. ಅವರು ಹಿಡಿದದ್ದು ಸಿದ್ಧ ಪುಡಿಗಳ ದಾರಿ. ಇವತ್ತು ದೇಶವೆಲ್ಲ ಕೊಳ್ಳುವ ಆ ಪೊಟ್ಟಣಗಳ ಹಿಂದೆ ಅಂಥ ಒಂದು ಇಕ್ಕಟ್ಟು ಇತ್ತು. ಅಡುಗೆಮನೆಯೊಳಗೆ ಭಟ್ಟರೂ ಮಾಲೀಕರೂ ಆ ದಿನಗಳಲ್ಲಿ ಏನೇನು ಮಾತಾಡಿಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ.

ವಿ.ಜಿ. ಸಿದ್ಧಾರ್ಥ ಅವರ ಹೆಸರನ್ನು ಹಿಂಜರಿಯುತ್ತಲೇ ಎತ್ತುತ್ತೇನೆ. ಕೆಫೆ ಕಾಫಿ ಡೇ ಕಟ್ಟಿದವರು, ಚಿಕ್ಕಮಗಳೂರಿನ ಕಾಫಿಯನ್ನು 1996ರಲ್ಲಿ ಬ್ರಿಗೇಡ್ ರಸ್ತೆಗೆ ತಂದವರು. 2019ರ ಜುಲೈ ಕೊನೆಯಲ್ಲಿ, ಸಾಲದ ಒತ್ತಡದಲ್ಲಿದ್ದ ಅವರ ಶವ ನೇತ್ರಾವತಿ ನದಿಯಲ್ಲಿ ಸಿಕ್ಕ ಸುದ್ದಿ ಬಂದ ದಿನ ಪೀಣ್ಯದ ಮಾಲೀಕರು ಒಬ್ಬರಿಗೊಬ್ಬರು ಫೋನ್ ಮಾಡಿ ‘ನೀವು ಹೇಗಿದ್ದೀರಿ?’ ಎಂದಷ್ಟೇ ಕೇಳಿದೆವು. ಸಾಲದ ಮಾತನ್ನು ಯಾರೂ ಎತ್ತಲಿಲ್ಲ, ಎಲ್ಲರೂ ಅದನ್ನೇ ಕೇಳುತ್ತಿದ್ದೆವು. ಅವರ ಬದುಕನ್ನು ಸಿನಿಮಾ ಮಾಡುವವರು ಅವರನ್ನು ದೇವರೂ ಮಾಡಬೇಡಿ, ಅಪರಾಧಿಯೂ ಮಾಡಬೇಡಿ. ಆಮೇಲೆ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಆ ಸಾಲವನ್ನು ಬಹುಪಾಲು ಇಳಿಸುತ್ತಾ ಬಂದ ವರ್ಷಗಳನ್ನು ಬಿಡಬೇಡಿ. ಕಾಫಿ ತೋಟದ ಸಾಲುಮನೆಗಳನ್ನೂ, ರಾತ್ರಿ ಹನ್ನೊಂದಕ್ಕೆ ಅಂಗಡಿಯ ಕುರ್ಚಿಗಳನ್ನು ಮೇಜಿನ ಮೇಲೆತ್ತಿ ನೆಲ ಒರೆಸಿದ ಹುಡುಗರನ್ನೂ ಬಿಡಬೇಡಿ.

ನನ್ನ ಅಣ್ಣನ ಮಗನಿಗೆ ಮೇಸ್ತ್ರಿಯ ಸಹಿ ಇಲ್ಲದ ಆ ಹಾಳೆಯನ್ನು ತೋರಿಸಿದೆ. ಬಹಳ ವಾದ ಮಾಡಿದ. ‘ನಿಮ್ಮ ಕಾಲ ಬೇರೆ ಅತ್ತೆ, ನಾವು ಸತ್ಯ ಹೇಳಿದರೆ ಪಕ್ಕದವನು ಸುಳ್ಳು ಹೇಳಿ ಹಣ ಒಯ್ಯುತ್ತಾನೆ’ ಎಂದ. ಅವನ ಮಾತು ಸುಳ್ಳೆಂದು ಹೇಳಲು ನನ್ನಿಂದ ಆಗಲಿಲ್ಲ. ವಾರದ ಮೇಲೆ ಫೋನಿಗೆ ಒಂದು ಚಿತ್ರ ಕಳಿಸಿದ. ಪುಟದಲ್ಲಿ 9,000 ಎಂದು ತಿದ್ದಿದ್ದ. ಆ ಹೂಡಿಕೆದಾರರಿಂದ ಅವನಿಗೆ ಇನ್ನೂ ಉತ್ತರ ಬಂದಿಲ್ಲ.

ನಿಮ್ಮಲ್ಲಿ ಯಾರಾದರೂ ಈ ಬಗ್ಗೆ ಬರೆಯಲು ಮನಸ್ಸು ಮಾಡಿದರೆ ಒಂದು ಶನಿವಾರ ನಮ್ಮ ಶೆಡ್ಡಿಗೆ ಬನ್ನಿ. ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಕ್ಯಾಮೆರಾ ಬೇಡ, ನೋಟ್‌ಪುಸ್ತಕ ಸಾಕು. ನಾಲ್ಕೂವರೆಗೆ ಯಂತ್ರಗಳು ನಿಲ್ಲುತ್ತವೆ, ಐದಕ್ಕೆ ಬಟವಾಡೆ. ಮೇಸ್ತ್ರಿ ನಿವೃತ್ತರಾಗಿ ಆರು ವರ್ಷವಾಯಿತು, ಆದರೂ ಶನಿವಾರ ತಪ್ಪದೆ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಾರೆ. ಹೊಸ ಹುಡುಗರು ಅಳೆದಿಟ್ಟ ಡಬ್ಬಿಯಿಂದ ಒಂದನ್ನು ಎತ್ತಿ, ಒರೆಸಿ, ಕೆಂಪು ಗೆರೆಯ ತುದಿಯನ್ನು ಇಟ್ಟು ನೋಡುತ್ತಾರೆ. ಅವರ ಪಕ್ಕದಲ್ಲಿ ನಿಮಗೂ ಒಂದು ಸ್ಟೂಲು ಹಾಕಿಸುತ್ತೇನೆ.

ಇಂತಿ ನಿಮ್ಮ ಸಿನಿಮಾಗಳ ಪ್ರೇಕ್ಷಕಿ,
ಪೀಣ್ಯದ ಒಬ್ಬ ಸಣ್ಣ ಕಾರ್ಖಾನೆಯ ಒಡತಿ
ಬೆಂಗಳೂರು